ಅಗ್ನಿಶಾಮಕ ಠಾಣೆಯ ಫೋನಿನವರು

ಸೋಲಾಪುರದ ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುತ್ತಿದ್ದವರನ್ನು ನಾನು ಮೊದಲು ಅರಿತದ್ದು ದನಿಯಿಂದ. ಕೆಳಗೆ ಬೆಂಕಿ ಹತ್ತಿ, ನಾವು ಮೂವರು ಹೆಂಗಸರು ಟವೆಲ್ ಕಾರ್ಖಾನೆಯ ಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದೆವು. ಠಾಣೆಗೆ ಫೋನ್ ಮಾಡಿದಾಗ ಗಾಬರಿಯಲ್ಲಿ ನನಗೆ ಮರಾಠಿ ಮರೆತೇಹೋಗಿ ಕನ್ನಡದಲ್ಲಿ ಅತ್ತುಬಿಟ್ಟೆ. ಅವರೂ ತಕ್ಷಣ ಕನ್ನಡಕ್ಕೆ ತಿರುಗಿದರು.

“ಸಾವಕಾಶ ಹೇಳ್ರಿ ತಂಗಿ, ಗಾಡಿ ಹೊಂಟೈತಿ. ಬಾಗಲಾ ಹಾಕಿ, ಟವೆಲ್ ತೊಯ್ಸಿ ಸಂದ್ಯಾಗ ತುರುಕ್ರಿ. ನಾ ಇಲ್ಲೇ ಅದೀನ್ರಿ.”

ಕಿಟಕಿಗೆ ಏಣಿ ತಾಗುವವರೆಗೂ “ನಾ ಇಲ್ಲೇ ಅದೀನ್ರಿ” ಎನ್ನುತ್ತಲೇ ಇದ್ದರು.

ವಾರದ ನಂತರ ಪೇಢೆ ಹಿಡಿದು ಠಾಣೆಗೆ ಹೋದೆ. ದಪ್ಪ ಕನ್ನಡಕದ ಸಣಕಲು ಮನುಷ್ಯ. ನಾನು ಕೈಮುಗಿಯುವಷ್ಟರಲ್ಲಿ ಗೋಡೆಯ ನಕ್ಷೆಯ ಮುಂದೆ ನಿಲ್ಲಿಸಿದರು.

“ಅವತ್ತ ಗಲ್ಲಿ ಸಣ್ಣದಾಗಿ ಗಾಡಿಗೆ ತಡಾ ಆತು. ಹಿಂದಿಂದ ಹಾದಿ ಐತೇನ್ರಿ?”

ನಾನು ಬೆರಳಿಟ್ಟ ಓಣಿಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಆಮೇಲೆ ಪೇಢೆ ತೆಗೆದುಕೊಂಡರು.