ಇನ್ನಿಬ್ಬರ ಊಟ

ಚಿಂತಾಮಣಿಯಲ್ಲಿ ನಮ್ಮ ಚರ್ಚಿನ ಗೇಟಿನ ಪಕ್ಕ ಆ ಹೆಂಗಸು ಬಂದು ಕೂತದ್ದು ಕ್ರಿಸ್ಮಸ್ಸಿಗೆ ಮುಂಚಿನ ಚಳಿಯಲ್ಲಿ. ಸೀರೆ ಹರಿದಿತ್ತು, ಕೂದಲು ಜಡೆಗಟ್ಟಿತ್ತು. ಭಾನುವಾರದ ಆರಾಧನೆ ಮುಗಿಸಿ ಹೊರಬಂದವರು ಬಿಸ್ಕತ್ತಿನ ಪೊಟ್ಟಣ ಇಟ್ಟು ದಾಟಿಹೋದರು. ಸಭೆಯ ಹಿರಿಯರೊಬ್ಬರು, ಬೆಂಗಳೂರಿನ ಯಾವುದಾದರೂ ಆಶ್ರಮಕ್ಕೆ ಫೋನ್ ಮಾಡೋಣ ಎಂದರು.

ನನ್ನ ಅತ್ತೆ ಅಲ್ಲೇ ನಿಂತುಬಿಟ್ಟರು. “ಒಳಗಡೆ ದೇವರ ಮಗ ಹುಟ್ಟಿದ ಕೊಟ್ಟಿಗೆ ಅಂತ ಗೋದಲಿ ಕಟ್ಟಿದೀವಿ. ಅವನ ಬಸುರಿ ತಾಯಿಗೆ ಛತ್ರದಲ್ಲಿ ಜಾಗ ಕೊಡ್ಲಿಲ್ಲ ಅಂತ ವರ್ಷಾ ವರ್ಷ ನೊಂದ್ಕೋತೀವಿ. ನಮ್ಮನೇಲಿ ಒಂದು ರೂಮು ಖಾಲಿ ಇದೆಯಲ್ಲಪ್ಪ,” ಎಂದು ಅವಳ ಕೈಹಿಡಿದು ಎಬ್ಬಿಸಿದರು. ನನ್ನನ್ನು ಕೇಳಲಿಲ್ಲ.

ಸ್ನಾನ ಮಾಡಿಸಿ, ನನ್ನದೊಂದು ಸೀರೆ ಉಡಿಸಿ ಊಟಕ್ಕೆ ಕೂರಿಸಿದೆವು. ಅವಳು ಮುದ್ದೆ ಮುಟ್ಟಲಿಲ್ಲ.

“ಯಾಕಮ್ಮ, ತಿನ್ನು,” ಎಂದರು ಅತ್ತೆ.

“ಪಿಲ್ಲಲು ಇನ್ನೂ ತಿಂದಿಲ್ಲ ಕಣಮ್ಮ.”

ಪಿಲ್ಲಲು ಅಂದರೆ ತೆಲುಗಿನಲ್ಲಿ ಮಕ್ಕಳು. ಅವಳ ಜೊತೆ ಯಾರೂ ಇರಲಿಲ್ಲ. ನಾನು ಅದನ್ನು ಹೇಳುವಷ್ಟರಲ್ಲಿ ಅತ್ತೆ, “ಎಷ್ಟು ಜನಮ್ಮ?” ಎಂದು ಕೇಳಿದರು. ಅವಳು ಎರಡು ಬೆರಳು ತೋರಿಸಿದಳು. ಅತ್ತೆ ಇನ್ನೆರಡು ತಟ್ಟೆ ತಂದು ಬಡಿಸಿದರು. ಅವಳು ಗಾಳಿಗೆ ತುತ್ತು ಹಿಡಿದು, ಕಾಣದ ಬಾಯಿಗಳನ್ನು ಸೆರಗಿನಿಂದ ಒರೆಸಿ, ಆಮೇಲೆ ತಾನು ತಿಂದಳು.

ದಿನವೂ ಹೀಗೇ ನಡೆಯಿತು. ಮೊದಮೊದಲು ನನಗೆ ಅಡುಗೆಮನೆಗೆ ಹೋಗಲೂ ಹೆದರಿಕೆ. ಆ ತಟ್ಟೆಗಳ ಮುಂದಿನ ಖಾಲಿ ನೆಲವನ್ನು ತುಳಿಯದೆ ಸುತ್ತಿ ನಡೆಯುತ್ತಿದ್ದೆ. ಒಂದು ದಿನ ಕುದಿಯುವ ಸಾರಿನ ಪಾತ್ರೆ ಇಳಿಸುತ್ತಾ, “ಸರ್ಕೊಳ್ರಪ್ಪ, ಸುಟ್ಕೊಂಡೀರ,” ಎಂದುಬಿಟ್ಟೆ. ಯಾರಿಗೆ ಹೇಳಿದೆ ಎಂದು ಆಮೇಲೆ ಅರಿವಾಯಿತು. ಅವಳು ಮಾತ್ರ ನನ್ನನ್ನು ನೋಡಿ ನಕ್ಕಳು. ಅವಳ ನಗು ನಾನು ಕಂಡದ್ದು ಅದೇ ಮೊದಲು.

ಚರ್ಚಿನವರು ಅಲ್ಲಿ ಇಲ್ಲಿ ವಿಚಾರಿಸಿ ಕೊನೆಗೆ ಅವಳ ತಮ್ಮನನ್ನು ಹುಡುಕಿದರು. ಅಂಬಾಜಿದುರ್ಗದ ಕಡೆಯ ಹಳ್ಳಿಯವನು. ಅಕ್ಕನನ್ನು ಕಂಡು ಜಗಲಿಯ ಮೇಲೆ ಕುಸಿದು ಕೂತ.

“ಎರಡು ಮಕ್ಕಳೂ ತೋಟದ ಕೃಷಿ ಹೊಂಡಕ್ಕೆ ಬಿದ್ದೋದ್ವಮ್ಮ. ಒಂದು ಜಾರ್ತು, ಎಳೆಯಕ್ಕೋಗಿ ಇನ್ನೊಂದು. ಪ್ಲಾಸ್ಟಿಕ್ ಹಾಸಿರ್ತಾರಲ್ಲ, ಹತ್ತಕ್ಕಾಗಲ್ಲ. ಸತ್ತೋದ್ರು, ಸುಮ್ನಿರು ಅಂತ ಮನೇಲಿ ಎಲ್ರೂ ದಿನಾ ಹೇಳ್ತಿದ್ವಿ. ಅದಕ್ಕೇ ಎದ್ದೋದ್ಳು.” ಅತ್ತೆಯ ಕಡೆ ತಿರುಗಿ ಕೇಳಿದ: “ನೀವೇನಮ್ಮ ಹೇಳಿದ್ರಿ?”

“ಏನೂ ಹೇಳ್ಲಿಲ್ಲ ಕಣಪ್ಪ. ಊಟಕ್ಕಿಟ್ವಿ,” ಎಂದರು ಅತ್ತೆ.

ಹೊರಡುವಾಗ ಅವಳು ಆಟೋ ಪಕ್ಕ ಬಗ್ಗಿ, ಕಂಕುಳಿಗೆ ಕೈಹಾಕಿ ಎತ್ತುವಂತೆ ಒಂದನ್ನು ಎತ್ತಿ ಕೂರಿಸಿದಳು, ಮತ್ತೊಂದನ್ನೂ. ತಮ್ಮ ಆಗಲೇ ಒಳಗೆ ಕೂತಿದ್ದ. ಅದನ್ನು ನೋಡಿ ಸೀಟಿನ ತುದಿಗೆ ಸರಿದು ಜಾಗ ಬಿಟ್ಟ. ಅತ್ತೆ ಒಳಗೆ ಬಂದು ಪ್ರಾರ್ಥನೆಗೆ ಮಂಡಿಯೂರಿದರು.

ಆ ತಮ್ಮ ಈಗಲೂ ಆಗಾಗ ಫೋನ್ ಮಾಡುತ್ತಾನೆ. ಅಕ್ಕ ಟೊಮೊಟೊ ಕೀಳಲು ಹೋಗುತ್ತಾಳಂತೆ, ಹೊಟ್ಟೆತುಂಬ ಉಣ್ಣುತ್ತಾಳಂತೆ. ಮೊನ್ನೆ ಖುಷಿಯಿಂದ ಹೇಳಿದ: “ಮಕ್ಕಳ ಮಾತೇ ಎತ್ತಲ್ಲಮ್ಮ ಈಗ.”

ನನಗೂ ಖುಷಿಯಾಗಬೇಕಿತ್ತು. ಫೋನಿಟ್ಟೆ. ಹಾಗಾದರೆ ಆ ಎರಡು ಮಕ್ಕಳು ಈಗ ಎಲ್ಲಿ ಉಣ್ಣುತ್ತಿವೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.