ಅತ್ತಿಯ ಟೇಪಿನ ಮೊದಲ ಇಂಚು

ಪುಣೆಯ ವಿಮಾನ ನಗರದ ಲ್ಯಾಬಿನಲ್ಲಿ ಮೊನ್ನೆ ನರ್ಸಮ್ಮ ಎತ್ತರದ ಪಟ್ಟಿಯನ್ನು ನನ್ನ ತಲೆಯ ಮೇಲೆ ಟಪ್ಪನೆ ಇಳಿಸಿ, "ಪಾಚ್ ಫೂಟ್ ತೀನ್" ಎಂದಳು. ಪಕ್ಕದಲ್ಲೇ ನನ್ನ ಹೆಂಡತಿ ಕೂತಿದ್ದಳು. ಐದಡಿ ಮೂರಲ್ಲ, ನಾಲ್ಕಿರಬೇಕಲ್ಲ ಎಂದು ಮರಾಠಿಯಲ್ಲಿ ಚೌಕಾಶಿಗಿಳಿದೆ. ನರ್ಸಮ್ಮ ಇನ್ನೊಮ್ಮೆ ಇಳಿಸಿದಳು, ಈ ಸಲ ತುಸು ಜೋರಾಗಿ.

ನೋಡಿ, ಈ ಇಂಚು ವಿಚಿತ್ರ ಪ್ರಾಣಿ. ಬಟ್ಟೆ ಮೀಟರಿಗೆ ಹೋಯಿತು, ದಾರಿ ಕಿಲೋಮೀಟರಿಗೆ ಹೋಯಿತು. ಟೀವಿ, ಪೈಪು, ಸೊಂಟ ಮಾತ್ರ ಇಂಚನ್ನು ಬಿಡಲಿಲ್ಲ. ಪುಣೆಯ ಟ್ರಾಫಿಕ್ಕು ಸರಿಯುವುದೂ ಇಂಚಿನಲ್ಲೇ. ಮದುವೆಯ ಬಯೋಡೇಟಾದಲ್ಲಿ ಸೆಂಟಿಮೀಟರು ಬರೆದವನನ್ನಂತೂ ನಾನು ಕಂಡಿಲ್ಲ.

ನನ್ನ ಬಯೋಡೇಟಾ ಬರೆಸಿದವಳು ಅತ್ತಿ, ಅಪ್ಪನ ಅಕ್ಕ. ಧಾರವಾಡದಿಂದ ಬಂದು ಇಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಅವಳ ಟೇಪಿನ ಮೊದಲ ಇಂಚು ಸವೆದು ಹರಿದುಹೋಗಿತ್ತು. ಬ್ಲೌಸಿನ ಅಳತೆಯಲ್ಲಿ ತಪ್ಪದೆ ಒಂದು ಕಳೆಯುವಳು. ನನ್ನನ್ನು ಗೋಡೆಗೆ ನಿಲ್ಲಿಸಿದಾಗ ಟೇಪು ಹಣೆಗೇ ಮುಗಿಯಿತು. ಉಳಿದದ್ದನ್ನು ಸ್ಕೇಲಿನಿಂದ ಅಳೆದು ಕೂಡಿಸಿದಳು. ಕಳೆಯಲಿಲ್ಲ.

"ಅತ್ತಿ, ಒಂದು ಕಳೀಬೇಕಲ್ಲ?"

"ಹುಡುಗಿ ಐದು-ನಾಕು ಇದ್ದಾಳಂತ. ಹುಡುಗ ಕಡಿಮಿ ಇದ್ರ ಬ್ಯಾಡ ಅಂದಾರ. ನೀ ಏನ್ ಬ್ಲೌಸೇನು, ಸಡ್ಲ ಆಗ್ಲಿಕ್ಕೆ? ಸುಮ್ನ ನಿಂದ್ರ."

ಹುಡುಗಿಯ ಫೋಟೋ ನನಗೆ ಆಗಲೇ ಹಿಡಿಸಿಬಿಟ್ಟಿತ್ತು. ಸುಮ್ಮನೆ ನಿಂತೆ.

ಚಿಂಚವಾಡದಲ್ಲಿ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು ಮುಗಿದ ಮೇಲೆ ಹುಡುಗಿಯ ಅಪ್ಪ, "ಇಬ್ರೂ ಬಾಜೂಕ ನಿಂದರ್ರಿ, ಒಂದು ಫೋಟೋ ಆಗ್ಲಿ" ಎಂದರು. ನಾನು ಅತ್ತಿಯತ್ತ ನೋಡಿದೆ. ಹೊಸ್ತಿಲ ಮೇಲೆ ಕಾಲಿಟ್ಟರೆ ಲಕ್ಷ್ಮಿ ತಿರುಗಿ ಹೋಗ್ತಾಳ ಎಂದು ನಮ್ಮನ್ನೆಲ್ಲ ಗದರಿಸಿಯೇ ಬೆಳೆಸಿದ ಅತ್ತಿ ಕಿವಿಯಲ್ಲಿ ಪಿಸುಗುಟ್ಟಿದಳು: "ಹೊಸ್ತಿಲ ಮ್ಯಾಲೆ ನಿಂದ್ರೋ!"

ಆ ಹೊಸ್ತಿಲು ಗೇಣುದ್ದ ಎತ್ತರವಿತ್ತೆಂದು ನನ್ನ ನೆನಪು. ಫ್ಲಾಟಿಗೆ ಅಂಥ ಹೊಸ್ತಿಲು ಯಾರು ಹಾಕಿಸುತ್ತಾರೆ? ನೆನಪೂ ಅತ್ತಿಯ ಟೇಪಿನಂಥದ್ದೇ ಇರಬೇಕು, ಕಳೆಯಬೇಕಾದದ್ದನ್ನು ಕಳೆಯುವುದಿಲ್ಲ. ಫೋಟೋದಲ್ಲಿ ಮಾತ್ರ ನಾನು ಅವಳಿಗಿಂತ ಸ್ಪಷ್ಟವಾಗಿ ಎತ್ತರ. ಮದುವೆಯಾಯಿತು. ಇಷ್ಟು ವರ್ಷ ಅವಳು ಕೇಳಲಿಲ್ಲ. ನಾನು ದಪ್ಪ ಅಟ್ಟೆಯ ಚಪ್ಪಲಿ ಬಿಡಲಿಲ್ಲ.

ಈಗ ಲ್ಯಾಬಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು, "ಮಷೀನು ಹಳೇದು" ಎಂದು ಗೊಣಗಿದೆ.

"ಬರ್ಕೊಳ್ಳಲಿ ಬಿಡ್ರಿ. ನಂಗ ಅವತ್ತ ಗೊತ್ತಿತ್ತು" ಎಂದಳು ಹೆಂಡತಿ. "ನೀವು ಹೊಸ್ತಿಲ ಮ್ಯಾಲ ಹತ್ತಿದ್ರಿ. ಅದೂ ಸಾಲೂದಿಲ್ಲ ಅನಿಸ್ತು. ನಾ ಮೊಣಕಾಲು ಮಡಚಿ ನಿಂತೆ. ಸೀರಿ ಒಳಗ ಯಾರಿಗೆ ಕಾಣ್ತದ?"

ಅಷ್ಟರಲ್ಲಿ ಅವಳ ಸರದಿ ಬಂತು. ಪಟ್ಟಿ ಇಳಿಯುವಾಗ ನಾನು ಅವಳ ಸೀರೆಯ ನೆರಿಗೆಯನ್ನೇ ನೋಡುತ್ತಿದ್ದೆ. ಒಂದಿಷ್ಟು ಅಲುಗಿತು.

"ಪಾಚ್ ಫೂಟ್ ತೀನ್" ಎಂದಳು ನರ್ಸಮ್ಮ.