ಕನ್ಯಾ ನೋಡಲು ಬಂದವರ ಮುಂದೆ ಗಡಿಯ ಮಾತು

"ಸೈನ್ಯಕ್ಕ ಎಷ್ಟು ರೊಕ್ಕ ಕೊಟ್ರೂ ಕಡಿಮೀನ ರೀ. ಗಡಿಗೆ ಇನ್ನೂ ಮಂದಿ ಕಳಸಬೇಕು!" ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಅವಲಕ್ಕಿ ತಟ್ಟೆ ಹಿಡಿದು ನಾನು ವಾದಕ್ಕಿಳಿದಿದ್ದೆ. ಮಗಳನ್ನು ನೋಡಲು ಅಂತೂರ ಬೆಂತೂರದಿಂದ ಹುಡುಗನ ಕಡೆಯವರು ಬಂದಿದ್ದರು. ಹುಡುಗನ ಸೋದರಮಾವ, ಆ ದುಡ್ಡು ಶಾಲೆ, ದವಾಖಾನೆಗಳಿಗೆ ಹೋಗಲಿ ಎನ್ನುತ್ತಿದ್ದರು. ನಾನು ಬಿಡಲಿಲ್ಲ.

ಹುಡುಗನಿಗೆ ಕೇಂದ್ರ ಸರ್ಕಾರದ ನೌಕರಿ ಎಂದಷ್ಟೇ ಸಂಬಂಧ ತಂದವರು ಹೇಳಿದ್ದರು. ರೈಲ್ವೆ ಇರಬೇಕೆಂದುಕೊಂಡು ನಾನು ವಿಚಾರಿಸಿರಲೇ ಇಲ್ಲ. ಮಾತಿನ ನಡುವೆ, ಎಲ್ಲಿ ಕೆಲಸ ಎಂದು ಹುಡುಗನನ್ನೇ ಕೇಳಿದೆ. ತಾನು ಸೈನ್ಯದಲ್ಲಿದ್ದೇನೆ, ಮುಂದಿನ ತಿಂಗಳು ಗಡಿಗೆ ಹೋಗಬೇಕು ಎಂದ. ನನ್ನ ದನಿ ಇಳಿಯಿತು. "ಒಬ್ಬಾಕಿ ಮಗಳ್ರಿ... ವಿಚಾರ ಮಾಡಿ ಹೇಳ್ತೀವಿ" ಎಂದೆ.

ಹುಡುಗನ ತಂದೆ ಚಹಾದ ಬಸಿ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಇನ್ನೂ ಮಂದಿ ಕಳಸಬೇಕು ಅಂದ್ರಲ್ರಿ. ಅವರಿಗೆ ಕನ್ಯಾ ಯಾರು ಕೊಡಬೇಕ್ರಿ?"

ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು.

ಆ ಸಂಬಂಧ ಕೂಡಲಿಲ್ಲ. ಸೈನ್ಯ ದೊಡ್ಡದಾಗಬೇಕು ಎಂಬ ನನ್ನ ವಾದವೇನೂ ಬದಲಾಗಿಲ್ಲ. ಆದರೆ ಅದನ್ನು ಹೇಳುವ ಮುನ್ನ, ಮಗಳು ಮನೆಯಲ್ಲಿದ್ದಾಳೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.